ಎರಡು ರಾಜ್ಯದ ಕರೆಂಟು

ನಿವೃತ್ತನಾಗಿ ಅಥಣಿಯಲ್ಲಿ ಮನೆ ಮಾಡಿಕೊಂಡ ಮೇಲೆ, ಹೊಸದಾಗಿ ಕೆಲಸಕ್ಕೆ ಸೇರಿದ ವಿದ್ಯುತ್ ಎಂಜಿನಿಯರುಗಳು ಆಗಾಗ ನನ್ನನ್ನು ನೋಡಲು ಬರುತ್ತಾರೆ. ಅಂಗಳದಲ್ಲಿ ಕುರ್ಚಿ ಎಳೆದುಕೊಂಡು, ಚಹಾ ಕುಡಿಯುತ್ತ, "ಸರ್, ನಿಮ್ಮ ಕಾಲವೇ ಚೆನ್ನಾಗಿತ್ತು" ಎನ್ನುತ್ತಾರೆ. ಈ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ಏನು ಚೆನ್ನಾಗಿತ್ತು ಮಣ್ಣು? ನಮ್ಮ ಕಾಲದಲ್ಲಿ ರಬ್ಬರಿನ ಕೈಗವಸು ಸ್ಟೋರಿನ ಬೀರುವಿನಲ್ಲಿರುತ್ತಿತ್ತು, ಬೀರುವಿನ ಕೀಲಿ ಚಿಕ್ಕೋಡಿಯಲ್ಲಿರುತ್ತಿತ್ತು, ಕೀಲಿ ಇಟ್ಟುಕೊಂಡವರು ರಜೆಯಲ್ಲಿರುತ್ತಿದ್ದರು.

ನಾನು ಯಾವಾಗ ಯಾವ ಹುದ್ದೆಗೆ ಏರಿದೆ ಎಂಬುದು ನನ್ನ ಹೆಂಡತಿಗೇ ನೆನಪಿಲ್ಲ, ನಿಮಗೇಕೆ? ನಾನು ಬರೆಯುತ್ತಿರುವುದು ಕಂಬದ ಬುಡದಲ್ಲಿ ನಡೆದ ಸಂಗತಿಗಳನ್ನು. ಅದರಲ್ಲೂ ಒಂದು ಸಾವನ್ನು. ಭರಮಾ ಎಂಬ ಲೈನ್‌ಮ್ಯಾನ್ ಹೇಗೆ ಸತ್ತ ಎಂಬುದನ್ನು ನಾನು ಸರಿಯಾಗಿ ಹೇಳಿದರೂ ಇಷ್ಟು ವರ್ಷ ಯಾರೂ ಒಪ್ಪಿಲ್ಲ. ಇಲ್ಲಾದರೂ ಪೂರ್ತಿ ಹೇಳಿಬಿಡುತ್ತೇನೆ.

ನಾನು ಮುಳಬಾಗಿಲು ಕಡೆಯವನು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ನಮ್ಮ ಕಡೆ ಹೊಳೆ ಎಂದರೆ ಬರೀ ಮರಳು. ಐನಾಪುರಕ್ಕೆ ನೇಮಕವಾದಾಗ ಆ ಊರನ್ನು ಭೂಪಟದಲ್ಲಿ ಹುಡುಕಬೇಕಾಯಿತು. ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ ಹಿಡಿದು ಬಂದೆ. ಬಸ್ಸಿನ ಕಿಟಕಿಯಿಂದ ಮೊದಲ ಸಲ ತುಂಬಿದ ಕೃಷ್ಣೆಯನ್ನು ನೋಡಿದಾಗ ಖುಷಿಯಾಗಲಿಲ್ಲ, ಹೊಟ್ಟೆ ಉರಿಯಿತು. ನನ್ನ ತಾಯಿ ಒಂದು ಕೊಡ ನೀರಿಗೆ ಸರದಿಯಲ್ಲಿ ನಿಂತು ಸೊಂಟ ಕಳೆದುಕೊಂಡವಳು. ಬಸ್ಸಿನಲ್ಲಿ ಅರ್ಧ ಜನ ಕನ್ನಡದಲ್ಲೂ ಅರ್ಧ ಜನ ಮರಾಠಿಯಲ್ಲೂ ಮಾತಾಡುತ್ತಿದ್ದಾರೆ ಎಂದುಕೊಂಡಿದ್ದೆ. ಆಮೇಲೆ ಕಿವಿಗೊಟ್ಟು ಕೇಳಿದರೆ, ಒಬ್ಬನೇ ಮನುಷ್ಯ ಕನ್ನಡದಲ್ಲಿ ಶುರು ಮಾಡಿದ ಮಾತನ್ನು ಮರಾಠಿಯಲ್ಲಿ ಮುಗಿಸುತ್ತಿದ್ದ.

ಮೊದಲ ದಿನವೇ ಒಬ್ಬ ಮುದುಕರು ಆಫೀಸಿನ ಬಾಗಿಲಲ್ಲಿ ನಿಂತರು. "ಸಾಹೇಬ್ರ, ನಮ್ಮ ತೋಟದ ಟಿ.ಸಿ. ಸುಟ್ಟೈತ್ರಿ. ಕಬ್ಬು ಒಣಗಾಕತ್ತೈತಿ. ಹೊಸಾದು ಯಾವಾಗ ಕೂಡಸ್ತೀರಿ?" ಟಿ.ಸಿ. ಎಂದರೆ ಟ್ರಾನ್ಸ್‌ಫಾರ್ಮರು ಎಂದು ನನಗೆ ಹೊಳೆಯುವಷ್ಟರಲ್ಲಿ ಅವರು ಅದನ್ನು ಇನ್ನೊಮ್ಮೆ ಹೇಳಿದ್ದರು. ನಾನು ಗಂಭೀರವಾಗಿ, "ಪರಿಶೀಲಿಸಿ ಸೂಕ್ತ ಕ್ರಮ ಕೈಗೊಳ್ಳುತ್ತೇವೆ" ಎಂದೆ. ಮುದುಕರು ಪಕ್ಕದಲ್ಲಿದ್ದ ಲೈನ್‌ಮ್ಯಾನನ ಕಡೆ ತಿರುಗಿ, "ಇಂವಾ ಏನಂದಾ? ಬರ್ತೈತೋ, ಇಲ್ಲೋ?" ಎಂದು ಕೇಳಿದರು. ಲೈನ್‌ಮ್ಯಾನ್, "ಬರಂಗಿಲ್ಲ ಅಂತ ಕಾಣ್ತೈತಿ ಕಾಕಾ" ಎಂದ. ನನ್ನ ಕನ್ನಡದ ಯೋಗ್ಯತೆ ಅಂದೇ ಗೊತ್ತಾಯಿತು.

ಬುದ್ಧಿ ಮಾತ್ರ ತಡವಾಗಿ ಬಂತು. ಬೆಂದೂರ ಎಂದರೆ ಇಲ್ಲಿ ಎತ್ತುಗಳ ಹಬ್ಬ. ಅದರ ಹಿಂದಿನ ದಿನ ಊರಿಗೆ ಊರೇ ಹಿಟ್ಟಿನ ಗಿರಣಿಯ ಮುಂದೆ ನಿಂತಿರುತ್ತದೆ. ಇದು ಗೊತ್ತಿಲ್ಲದ ನಾನು ಅದೇ ದಿನ ತಂತಿ ರಿಪೇರಿಗೆಂದು ಬೆಳಗಿನಿಂದ ಕರೆಂಟು ತೆಗೆಸಿದೆ. ಮಧ್ಯಾಹ್ನದ ಹೊತ್ತಿಗೆ ಹೆಂಗಸರು ಗೋಧಿ, ಕಡಲೆಬೇಳೆ ತುಂಬಿದ ಡಬ್ಬಿಗಳೊಂದಿಗೆ ನಮ್ಮ ಆಫೀಸಿನೊಳಗೇ ಬಂದು ಕುಳಿತರು. ಕೂಗಾಟವಿಲ್ಲ, ಬೈಗುಳವಿಲ್ಲ. ಸುಮ್ಮನೆ ನನ್ನ ಮೇಜಿನ ಸುತ್ತ ಕುಳಿತರು. ಕೊನೆಗೆ ಒಬ್ಬ ಅಜ್ಜಿ, "ಸಾಹೇಬ್ರ, ನಿಮ್ಮ ಮನ್ಯಾಗ ಬೀಸೂ ಕಲ್ಲ ಐತೇನ್ರಿ? ಇದ್ರ ಹೇಳ್ರಿ, ಎಲ್ಲಾರೂ ಅಲ್ಲೇ ಬರ್ತೀವಿ" ಎಂದಳು. ರಿಪೇರಿಯನ್ನು ಅರ್ಧಕ್ಕೆ ಬಿಟ್ಟು ಕರೆಂಟು ಕೊಡಿಸಿದೆ. ಹೊಸ ಊರಿಗೆ ಹೋದರೆ ಮೊದಲು ಊರಿನ ಹಬ್ಬಗಳನ್ನು ತಿಳಿದುಕೊಳ್ಳಿ, ಆಮೇಲೆ ಲೈನಿನ ನಕ್ಷೆ ನೋಡಿ.

ಮೇಲಧಿಕಾರಿಗಳ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಒಳ್ಳೆಯವರು ಬೇಗ ವರ್ಗವಾಗಿ ಹೋಗುತ್ತಿದ್ದರು. ಒಬ್ಬರು ಮಾತ್ರ ನನ್ನ ಕಥೆಗೆ ಬೇಕು. ಅವರನ್ನು ನಾವು ದೊಡ್ಡ ಸಾಹೇಬರು ಎನ್ನುತ್ತಿದ್ದೆವು. ಬಿಳಿ ಅಂಗಿಗೆ ಒಂದು ಕಲೆ ಬೀಳದಂತೆ ಇಡೀ ನೌಕರಿ ಮುಗಿಸಿದವರು. ಎಲ್ಲಿ ಅಪಘಾತವಾದರೂ ಫೋನಿನಲ್ಲಿ ಅವರ ಮೊದಲ ಪ್ರಶ್ನೆ, "ತಪ್ಪು ಯಾರದು?" ಬದುಕಿದ್ದಾನೋ ಇಲ್ಲವೋ ಎಂಬುದು ಎರಡನೆಯ ಪ್ರಶ್ನೆ. ಕೆಲವೊಮ್ಮೆ ಎರಡನೆಯದನ್ನು ಕೇಳಲು ಮರೆಯುತ್ತಿದ್ದರು.

ಕೊಗನೊಳ್ಳಿ, ರಾಯಬಾಗ ಎಂದು ಸುತ್ತಾಡಿ, ಮದುವೆಯಾಗಿ, ಮಗಳು ಹುಟ್ಟಿದ ಮೇಲೆ ಕಾಗವಾಡ ಕಡೆಯ ಒಂದು ಗಡಿ ಹಳ್ಳಿಗೆ ಬಂದೆ. ಹೆಸರು ಬರೆಯುವುದಿಲ್ಲ, ಅಲ್ಲಿ ಬದುಕುವವರು ಇನ್ನೂ ಇದ್ದಾರೆ. ಊರ ಹಳ್ಳ ದಾಟಿದರೆ ಮಹಾರಾಷ್ಟ್ರ. ಅಲ್ಲಿ ನಮಗೆ ಮನೆ ಕೊಟ್ಟವರು ಅಪ್ಪಾಸಾಹೇಬರು. ದ್ರಾಕ್ಷಿ, ಕಬ್ಬು ಬೆಳೆಯುವ ದೊಡ್ಡ ರೈತರು, ನನಗಿಂತ ಹತ್ತು ಹನ್ನೆರಡು ವರ್ಷ ಹಿರಿಯರು. ಆಫೀಸಿನಲ್ಲಿ ನನ್ನನ್ನು ಸಾಹೇಬ್ರ ಎಂದವರು ಮನೆಯ ಕಟ್ಟೆ ಹತ್ತಿದ ಕೂಡಲೇ ತಮ್ಮಾ ಎನ್ನುತ್ತಿದ್ದರು. ನಾನು ಅವರನ್ನು ಅಣ್ಣಾರ ಎನ್ನುತ್ತಿದ್ದೆ, ಅವರ ಹೆಂಡತಿ ಸುಶೀಲಾಬಾಯಿಯವರನ್ನು ವೈನಿ, ಅಂದರೆ ಅತ್ತಿಗೆ, ಎನ್ನುತ್ತಿದ್ದೆ. ನನ್ನ ಮಗಳು ರೊಟ್ಟಿ ತಿನ್ನಲು ಕಲಿತದ್ದು ವೈನಿಯ ಒಲೆಯ ಮುಂದೆ. ಮುಳಬಾಗಿಲಿನಿಂದ ಕರೆತಂದು ಜೊತೆಗಿಟ್ಟುಕೊಂಡಿದ್ದ ನನ್ನ ತಾಯಿ ಒಂದು ಮಳೆಗಾಲದಲ್ಲಿ ತೀರಿಕೊಂಡಳು. ಹಳ್ಳ ತುಂಬಿ ಸ್ಮಶಾನ ನೀರಿನಲ್ಲಿತ್ತು. ನನ್ನವರು ಎನ್ನುವವರು ಒಬ್ಬರೂ ಇರಲಿಲ್ಲ. ಅಪ್ಪಾಸಾಹೇಬರು ತಮ್ಮ ಹೊಲದ ದಿಬ್ಬದ ಮೇಲೆ ಕಟ್ಟಿಗೆ ಹಾಕಿಸಿದರು. "ನಿಮ್ಮ ತಾಯಿ ಅಂದ್ರ ನಮ್ಮ ಆಯಿ ಅಲ್ಲೇನೋ ತಮ್ಮಾ? ನಮ್ಮ ಹೊಲದಾಗ ಇರ್ಲಿ" ಎಂದು ಚಟ್ಟಕ್ಕೆ ತಾವೇ ಹೆಗಲು ಕೊಟ್ಟರು. ಈ ಋಣವನ್ನು ನಾನು ಎಂದೂ ಮರೆತಿಲ್ಲ, ಈಗಲೂ.

ಭರಮಾ ಆ ಊರಿನವನೇ. ಅವನ ಮನೆ ಇದ್ದದ್ದು ಅಪ್ಪಾಸಾಹೇಬರ ಜಾಗದಲ್ಲಿ, ದ್ರಾಕ್ಷಿ ತೋಟದ ಅಂಚಿಗೆ. ಅಪ್ಪ ಅವರ ಹೊಲ ಕಾಯುತ್ತಿದ್ದ, ಹೆಂಡತಿ ಶಾಂತವ್ವ ಅವರ ತೋಟದ ಕೆಲಸಕ್ಕೆ ಹೋಗುತ್ತಿದ್ದಳು. ಮನೆತನದಲ್ಲಿ ಮೊದಲು ಸರ್ಕಾರಿ ಪಗಾರ ತಂದವನು ಭರಮಾ. ಕೊರಳಲ್ಲಿ ತುಳಸಿ ಮಾಲೆ. ಆಷಾಢದಲ್ಲಿ ರಜೆ ಹಾಕಿ ಪಂಢರಪುರಕ್ಕೆ ನಡೆದು ಹೋಗುತ್ತಿದ್ದ. ಆ ಮಾಲೆ ಹಾಕಿದವರು ಮಾಂಸ, ಸಾರಾಯಿ ಮುಟ್ಟುವುದಿಲ್ಲ. ಭರಮಾನಂತೂ ನಮ್ಮ ಗ್ಯಾಂಗಿನವರು ಧಾಬಾಕ್ಕೆ ಹೋದರೆ ಹೊರಗೆ ಕಂಬಕ್ಕೊರಗಿ ನಿಂತಿರುತ್ತಿದ್ದ. "ಒಳಗ ಬಾರೋ, ಬರೇ ಚಹಾ ಕುಡಿ" ಎಂದರೆ, "ವಾಸನಿ ಹತ್ತತೈತಿ ಮಾರಾಯಾ, ನೀವು ಮುಗಿಸ್ಕೊಂಡು ಬರ್ರಿ" ಎನ್ನುತ್ತಿದ್ದ. ಗ್ಯಾಂಗಿನವರು ಅವನನ್ನು ಮಹಾರಾಜ ಎಂದು ಕಾಡಿಸುತ್ತಿದ್ದರು. ಕಾಡಿಸಿದವರೇ ರಾತ್ರಿ ಕುಡಿದು ಬಿದ್ದರೆ ಮನೆಗೆ ಮುಟ್ಟಿಸುತ್ತಿದ್ದವನೂ ಅವನೇ.

ಗಡಿಯ ಊರಿನ ಕೆಲಸ ಬೇರೆ ಕಡೆಯ ಕೆಲಸದಂತಲ್ಲ. ಅಲ್ಲಿನ ಹಲವರ ಹೊಲ ಎರಡೂ ರಾಜ್ಯದಲ್ಲಿರುತ್ತದೆ. ಆದ್ದರಿಂದ ಒಂದೇ ಬಾವಿಗೆ ಎರಡು ಕರೆಂಟು. ಈ ಕಡೆಯ ಕಂಬದಿಂದ ಕರ್ನಾಟಕದ್ದು, ಆ ಕಡೆಯ ಕಂಬದಿಂದ ಮಹಾರಾಷ್ಟ್ರದ್ದು. ನಮ್ಮದು ಬೆಳಿಗ್ಗೆ ಹೋದರೆ ಅವರದು ಬರುತ್ತದೆ, ಅವರದು ಹೋದರೆ ನಮ್ಮದು. ಜಾಣತನವೇ ಸರಿ. ಆದರೆ ಎರಡರ ನಡುವೆ ಹಿಡಿಕೆಯಿರುವ ಒಂದು ಸ್ವಿಚ್ಚು ಇರಬೇಕು. ಹಿಡಿಕೆ ಮೇಲಿದ್ದರೆ ಒಂದು ರಾಜ್ಯ, ಕೆಳಗಿದ್ದರೆ ಇನ್ನೊಂದು, ಎರಡೂ ಒಟ್ಟಿಗೆ ಸೇರುವುದಿಲ್ಲ. ಆ ಸ್ವಿಚ್ಚು ಇಲ್ಲದೆ ತಂತಿಗಳನ್ನು ನೇರ ಕಟ್ಟಿದರೆ, ನಾವು ನಮ್ಮ ಕರೆಂಟು ತೆಗೆದಾಗ ಅವರ ಕರೆಂಟು ಬಾವಿಯ ಮನೆಯಿಂದ ಹಿಂದಕ್ಕೆ ಹರಿದು ನಮ್ಮ ತಂತಿಗೆ ಏರುತ್ತದೆ. ಕಂಬದ ಮೇಲಿರುವವನಿಗೆ ಅದು ತಿಳಿಯುವುದಿಲ್ಲ.

ಹಳ್ಳಿ ಹಳ್ಳಿ ತಿರುಗಿ ಇದನ್ನು ಹೇಳಿದ್ದೇನೆ, ಕಟ್ಟಿದ ತಂತಿಗಳನ್ನು ಕತ್ತರಿಸಿದ್ದೇನೆ, ಕತ್ತರಿಸಿದ್ದಕ್ಕೆ ಬೈಸಿಕೊಂಡಿದ್ದೇನೆ. ಅಪ್ಪಾಸಾಹೇಬರ ಬಾವಿಯಲ್ಲಿ ಸ್ವಿಚ್ಚು ಸರಿಯಾಗಿಯೇ ಇತ್ತು. ನನ್ನ ಮುಂದೆಯೇ ಹಾಕಿಸಿದ್ದರು. "ತಮ್ಮಾ, ನಮ್ಮ ಮನ್ಯಾಗ ಎಂಜಿನಿಯರ್ ಇಟ್ಕೊಂಡು ನಾವ ತಪ್ಪ ಮಾಡಿದ್ರ ಮಂದಿ ನಗತಾರ" ಎಂದಿದ್ದರು.

ಅದು ದ್ರಾಕ್ಷಿ ಬಳ್ಳಿ ಸವರಿ ಹೊಸ ಚಿಗುರು ಬರುವ ಕಾಲ. ಹಿಂದಿನ ಸಂಜೆ ಗಾಳಿ ಮಳೆ ಹೊಡೆದು ಬೇವಿನ ಕೊಂಬೆ ತಂತಿಯ ಮೇಲೆ ಬಿದ್ದಿತ್ತು. ಬೆಳಿಗ್ಗೆ ಭರಮಾ ಮತ್ತು ಅವನ ಜೊತೆಗಾರ ಹೊರಟರು. ಕಂಬ ಹತ್ತುವ ಮುನ್ನ ಲೈನ್ ಕ್ಲಿಯರ್ ತೆಗೆದುಕೊಳ್ಳಬೇಕು, ಅಂದರೆ ಲೈನು ಬಂದ್ ಮಾಡಿದ್ದೇವೆ, ಹತ್ತಬಹುದು ಎಂದು ಸಬ್‌ಸ್ಟೇಷನ್ನಿನವರು ಒಪ್ಪಿಗೆ ಕೊಡಬೇಕು. ಭರಮಾ ಫೋನಿನಲ್ಲಿ ಅದನ್ನು ತೆಗೆದುಕೊಂಡ. ಸಾಲದ್ದಕ್ಕೆ ಟಿ.ಸಿ. ಹತ್ತಿರವೂ ಸ್ವಿಚ್ಚು ಇಳಿಸಿ ಫ್ಯೂಸು ಕಿತ್ತು ಜೇಬಿಗಿಟ್ಟುಕೊಂಡ. ನಾನು ಮೋಟಾರ್‌ಸೈಕಲ್ಲಿನಲ್ಲಿ ಅಲ್ಲಿಗೆ ಹೋಗುವಷ್ಟರಲ್ಲಿ ಜೊತೆಗಾರ ರಸ್ತೆಯ ಮಧ್ಯೆ ನಿಂತು ಎರಡೂ ಕೈ ಎತ್ತಿ ಅಳುತ್ತಿದ್ದ. ಭರಮಾ ಕಂಬದ ಮೇಲೆ ಬೆಲ್ಟಿನಲ್ಲಿ ನೇತಾಡುತ್ತಿದ್ದ.

ಏಣಿ ತರಿಸುವ ಮುಂಚೆ ನಾನು ಸುತ್ತ ನೋಡಿದೆ. ಇದನ್ನು ಹೊಸಬರು ಚೆನ್ನಾಗಿ ಓದಿ. ಊರಿನಲ್ಲಿ ಕರೆಂಟಿರಲಿಲ್ಲ, ಗಿರಣಿ ನಿಂತಿತ್ತು. ಆದರೆ ಅಪ್ಪಾಸಾಹೇಬರ ಬಾವಿಯ ಪೈಪಿನಿಂದ ತೊಟ್ಟಿಗೆ ನೀರು ಬೀಳುತ್ತಲೇ ಇತ್ತು. ಮೋಟಾರಿನ ಸದ್ದು ಕಂಬದವರೆಗೂ ಕೇಳುತ್ತಿತ್ತು. ನಾನು ತೋಟದೊಳಗೆ ಓಡಿದೆ. ಬಾವಿಯ ಮನೆಯಲ್ಲಿ ಹಿಡಿಕೆ ಮುರಿದ ಸ್ವಿಚ್ಚು ನೆಲದ ಮೇಲಿತ್ತು. ಎರಡೂ ರಾಜ್ಯದ ತಂತಿಗಳನ್ನು ಸೇರಿಸಿ ಕಟ್ಟಿ ಮೇಲೆ ಸೈಕಲ್ ಟ್ಯೂಬಿನ ಚೂರು ಸುತ್ತಿದ್ದರು. ಒಣ ಬಿದಿರಿನಿಂದ ಮಹಾರಾಷ್ಟ್ರದ ಫ್ಯೂಸು ಕೆಡವಿದ ಮೇಲೆ ಮೋಟಾರು ನಿಂತಿತು. ಆಗಲೇ ಭರಮಾನನ್ನು ಇಳಿಸಲು ಸಾಧ್ಯವಾದದ್ದು. ತುಳಸಿ ಮಾಲೆಯ ಮಣಿಗಳು ಕೊರಳಿಗೆ ಅಂಟಿಕೊಂಡಿದ್ದವು.

ಅಪ್ಪಾಸಾಹೇಬರು ಔಷಧ ಹೊಡೆಯುವ ಕೆಲಸ ಬಿಟ್ಟು ಓಡಿ ಬಂದರು. ಹೆಣ ನೋಡಿದರು, ನನ್ನ ಕೈಯಲ್ಲಿದ್ದ ಟ್ಯೂಬಿನ ಚೂರು ನೋಡಿದರು, ಅಲ್ಲೇ ಬದುವಿನ ಮೇಲೆ ಕುಸಿದರು. "ನಿನ್ನೆ ಸ್ವಿಚ್ ಮುರೀತೋ ತಮ್ಮಾ. ಪ್ಯಾಟಿಗಿ ಹೋಗಿ ತರೂಮಟ ಒಂದ ದಿನಾ ನಡೀಲಿ ಅಂತ ನಾನ ಕಟ್ಟಿದೆ. ನಾನ ಕೊಂದೆ ಇಂವನ್ನ." ಎಲ್ಲರ ಮುಂದೆ ಹೀಗೇ ಹೇಳಿದರು. ಅವರು ಕೆಟ್ಟ ಮನುಷ್ಯರಾಗಿರಲಿಲ್ಲ. ಹಾಗಿದ್ದರೆ ನನಗೆ ಎಷ್ಟು ಸುಲಭವಾಗುತ್ತಿತ್ತು.

ಮಧ್ಯಾಹ್ನದ ಹೊತ್ತಿಗೆ ಊರಿನ ಹಿರಿಯರು ಅವರನ್ನು ಒಳಕೋಣೆಯಲ್ಲಿ ಕೂರಿಸಿ ಬಾಯಿ ಮುಚ್ಚಿಸಿದ್ದರು. ಅವರಲ್ಲಿ ಒಬ್ಬರು ನನ್ನನ್ನು ಪಕ್ಕಕ್ಕೆ ಕರೆದು, "ಸಾಹೇಬ್ರ, ಹೋದಾಂವ ಹೋದ. ತಿರುಗಿ ಬರಂಗಿಲ್ಲ. ಕುಡದ ಹತ್ತಿದ್ದ, ಅಂತ ಬರದ ಬಿಡ್ರಿ. ಎಲ್ಲಾ ಮುಗೀತೈತಿ" ಎಂದರು.

"ಭರಮಾ ಕುಡೀತಿರಲಿಲ್ಲ ಅಂತ ನಿಮಗೆ ಗೊತ್ತಿಲ್ಲವೇ?" ಎಂದೆ.

"ಊರಿಗೆ ಗೊತ್ತೈತ್ರಿ. ಸರ್ಕಾರಕ್ಕ ಗೊತ್ತಿಲ್ಲಲ್ಲ."

ದೊಡ್ಡ ಸಾಹೇಬರು ಸಂಜೆಗೆ ಬಂದರು. ಬಿಳಿ ಅಂಗಿಗೆ ಕೆಸರು ಹತ್ತದಂತೆ ಜೀಪಿನಲ್ಲೇ ಕುಳಿತು ಮಾತಾಡಿದರು. ತಂತಿ ಮುಟ್ಟುವ ಮುನ್ನ ಅದನ್ನು ಸರಪಳಿಯಿಂದ ನೆಲಕ್ಕೆ ಜೋಡಿಸಬೇಕು ಎಂಬುದು ನಿಯಮ. ಹಾಗೆ ಜೋಡಿಸಿದರೆ ಎಲ್ಲಿಂದ ಕರೆಂಟು ಬಂದರೂ ಮಣ್ಣಿಗಿಳಿಯುತ್ತದೆ. ಆದರೆ ಸರಪಳಿ ಕೊಡುತ್ತಿದ್ದದ್ದು ದೊಡ್ಡ ಲೈನಿನ ಕೆಲಸಕ್ಕೆ ಮಾತ್ರ. ಹೊಲದ ಸಣ್ಣ ಲೈನಿಗೂ ಬೇಕೆಂದು ನಾನು ಕೇಳಿ ಕೇಳಿ ಸಾಕಾಗಿದ್ದೆ. ಅದು ಅವರಿಗೂ ಗೊತ್ತಿತ್ತು. "ನೆಲಕ್ಕೆ ಜೋಡಿಸಿಲ್ಲ, ಕುಡಿದಿದ್ದ ಅಂತ ಊರವರೂ ಹೇಳ್ತಾರೆ. ಎರಡೂ ಸರಿಹೊಂದುತ್ತೆ. ನೀವು ಯಾಕೆ ಕಷ್ಟ ಮಾಡ್ಕೋತೀರಿ?" ಎಂದರು. ಸತ್ತವನ ತಪ್ಪಾದರೆ ಅವರಿಗೂ ನಿದ್ದೆ, ಊರಿಗೂ ನಿದ್ದೆ. ಈಗ ಪ್ರತಿ ಗ್ಯಾಂಗಿಗೂ ಸರಪಳಿ ಇದೆ, ಕರೆಂಟು ಇದ್ದರೆ ಕೂಗುವ ಯಂತ್ರವೂ ಬಂದಿದೆ. ದಯವಿಟ್ಟು ಅವನ್ನು ಜೀಪಿನ ಸೀಟಿನ ಕೆಳಗೆ ಇಡಬೇಡಿ.

ಮರುದಿನ ಶಾಂತವ್ವ ನಮ್ಮ ಮನೆಗೆ ಬಂದಳು. ನನ್ನ ಹೆಂಡತಿ ರತ್ನಮ್ಮ ಅವಳನ್ನು ಒಳಗೆ ಕೂರಿಸಿದಳು. ಶಾಂತವ್ವ ನೀರು ಕೂಡ ಮುಟ್ಟಲಿಲ್ಲ.

"ಸಾಹೇಬ್ರ, ಕುಡದಿದ್ದಾ ಅಂತ ಊರಾಗ ಅನ್ನಾಕತ್ತಾರ. ಮಾಲಿ ಹಾಕ್ಕೊಂಡ ಮನಶ್ಯಾರಿ ಅವರು. ಹೆಣದ ಮ್ಯಾಲ ಈ ಮಾತ ಹಾಕಬ್ಯಾಡ್ರಿ. ನನ್ನ ಮಗಾ ನಾಳಿ ಪಂಢರಪುರಕ್ಕ ಹೆಂಗ ಹೋಗಬೇಕ್ರಿ?"

"ಹಾಕುವುದಿಲ್ಲಮ್ಮ" ಎಂದೆ.

ಅವಳು ಬಾಗಿಲವರೆಗೆ ಹೋಗಿ ತಿರುಗಿ ಹೇಳಿದಳು. "ಅಪ್ಪಾಸಾಬರ ಹೆಸರೂ ಬ್ಯಾಡ್ರಿ. ನಾವು ಅವರ ಜಾಗಾದಾಗ ಅದೀವಿ. ನಮ್ಮ ಮಾವ, ಅತ್ತಿ, ಸಣ್ಣ ಹುಡುಗ. ಎಲ್ಲಿಗಿ ಹೋಗೂಣ್ರಿ?"

ಎರಡನ್ನೂ ಬರೆಯದೆ ಬಿಡಲು ಬರುವುದಿಲ್ಲ ಎಂದು ಅವಳಿಗೆ ಹೇಗೆ ಹೇಳಲಿ? ಭರಮಾ ಕುಡಿದಿರಲಿಲ್ಲ ಎಂದರೆ, ಮತ್ತೆ ಕರೆಂಟು ಎಲ್ಲಿಂದ ಬಂತು ಎಂಬ ಪ್ರಶ್ನೆ ಬರುತ್ತದೆ. ಆ ಪ್ರಶ್ನೆಗೆ ಇದ್ದದ್ದು ಒಂದೇ ಉತ್ತರ. ಅವಳು ಹೋದ ಮೇಲೆ ರತ್ನಮ್ಮ ಬಾಗಿಲು ಹಾಕಿ ನನ್ನೆದುರು ಕುಳಿತಳು.

"ಏನು ಮಾಡ್ತೀರಿ?"

"ನೀನೇ ಹೇಳು."

"ಸುಳ್ಳು ಬರೆದರೆ ನಾನು ಆ ಹೆಂಗಸಿನ ಮುಖ ನೋಡಲಾರೆ. ನಿಜ ಬರೆದರೆ ವೈನಿಯ ಮುಖ ನೋಡಲಾರೆ. ನಾವು ಎಲ್ಲಿಂದಲೋ ಬಂದವರು, ಇನ್ನೆಲ್ಲಿಗಾದರೂ ಹೋಗಬಹುದು. ಶಾಂತವ್ವ ಇಲ್ಲೇ ಇರಬೇಕಲ್ಲ, ಅದನ್ನು ಯೋಚನೆ ಮಾಡಿ" ಎಂದಳು.

ಯೋಚನೆ ಮಾಡಿದೆ. ಮಾಡಿ, ನಡೆದದ್ದನ್ನು ನಡೆದಂತೆ ಬರೆದೆ. ಸ್ವಿಚ್ಚು ಮುರಿದದ್ದು, ತಂತಿ ಕಟ್ಟಿದ್ದು, ಕಟ್ಟಿದವರು ಯಾರು ಎಂಬುದು, ಸರಪಳಿ ಕೊಡದೇ ಇದ್ದದ್ದು, ಸತ್ತವನು ಎಂದೂ ಕುಡಿಯದ ಮನುಷ್ಯ ಎಂಬುದು. ಬರೆದು ನೇರವಾಗಿ ಅಪ್ಪಾಸಾಹೇಬರ ಮನೆಗೆ ಹೋದೆ. ಬೆನ್ನ ಹಿಂದೆ ಮಾಡುವುದು ನನಗೆ ಬೇಡವಾಗಿತ್ತು.

"ಅಣ್ಣಾರ, ನಿಮ್ಮ ಹೆಸರು ಬರೆದಿದ್ದೇನೆ" ಎಂದೆ.

"ನಾ ಅವತ್ತ ಖರೇ ಹೇಳಿದ್ನೋ ತಮ್ಮಾ. ಆಮ್ಯಾಲ ಮಂದಿ ಅಂಜಿಸಿದ್ರು, ಅಂಜಿದೆ" ಎಂದರು. ವೈನಿ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ಸೆರಗಿನಿಂದ ಕೈ ಒರೆಸಿಕೊಳ್ಳುತ್ತ, "ನಮ್ಮವರಾಗಿದ್ರ ಬರೀತಿದ್ದಿಲ್ಲ" ಎಂದರು. ಅಷ್ಟೇ. ಜಗಳ ಮಾಡಲಿಲ್ಲ, ಅಳಲಿಲ್ಲ. ಒಳಗೆ ಹೋಗಿ ಒಲೆಯ ಮುಂದೆ ಕುಳಿತರು. ಅಷ್ಟು ವರ್ಷ ಆ ಮನೆಯಲ್ಲಿ ಉಂಡಿದ್ದೆ. ನಾನು ಹೊರಗಿನವನು ಎಂದು ಅಂದೇ ಗೊತ್ತಾದದ್ದು.

ಮನೆ ಬಿಡಿ ಎಂದು ಯಾರೂ ಹೇಳಲಿಲ್ಲ. ಹಾಲಿನವನು ಬರುವುದು ಬಿಟ್ಟ. ಮಗಳ ಜೊತೆ ಆಡಲು ಹುಡುಗಿಯರು ಬರಲಿಲ್ಲ. ನಾನು ಕಟ್ಟೆಯ ಮುಂದೆ ಹಾದರೆ ಮಾತು ಕನ್ನಡದಿಂದ ಮರಾಠಿಗೆ ಹೊರಳುತ್ತಿತ್ತು. ಅಷ್ಟು ಹೊತ್ತಿಗೆ ನನಗೆ ಮರಾಠಿ ಚೆನ್ನಾಗಿ ಬರುತ್ತಿತ್ತು ಎಂಬುದು ಅವರಿಗೂ ಗೊತ್ತಿತ್ತು. ದೊಡ್ಡ ಸಾಹೇಬರು ನನ್ನನ್ನು ಮತ್ತೆ ರಾಯಬಾಗಕ್ಕೆ ವರ್ಗ ಮಾಡಿಸಿದರು. ಟ್ರಕ್ಕಿಗೆ ಸಾಮಾನು ಹೇರುವಾಗ ಮಗಳು ವೈನಿಯ ಬಾಗಿಲು ಬಡಿದಳು. ಬಾಗಿಲು ತೆರೆಯಿತು. ವೈನಿ ಅವಳ ಕೈಗೆ ರೊಟ್ಟಿಯ ಗಂಟು ಕೊಟ್ಟು, ತಲೆ ಸವರಿ, ನನ್ನ ಕಡೆ ನೋಡದೆ ಬಾಗಿಲು ಹಾಕಿಕೊಂಡರು. ನನ್ನ ತಾಯಿಯನ್ನು ಸುಟ್ಟ ಹೊಲದ ದಿಬ್ಬವನ್ನು ಟ್ರಕ್ಕಿನಲ್ಲಿ ಕುಳಿತೇ ನೋಡಿದೆ.

ಪೊಲೀಸ್ ಕೇಸಾಯಿತು. ಅಪ್ಪಾಸಾಹೇಬರಿಗೆ ಜಾಮೀನು ಸಿಕ್ಕಿತು. ಶಾಂತವ್ವನಿಗೆ ಓದು ಬರಹ ಇಲ್ಲದ್ದರಿಂದ, ಸತ್ತ ನೌಕರನ ಮನೆಯವರಿಗೆ ಕೊಡುವ ನೌಕರಿಯನ್ನು ಮಗ ದೊಡ್ಡವನಾದ ಮೇಲೆ ಕೊಡುವುದೆಂದಾಯಿತು. ಅಲ್ಲಿಯವರೆಗೆ ಅದೇ ತೋಟದ ಕೆಲಸ, ಅದೇ ಮನೆ. ಅಪ್ಪಾಸಾಹೇಬರು ಅವಳನ್ನು ಬಿಡಿಸಲಿಲ್ಲ. ಇದನ್ನೂ ಬರೆಯಬೇಕು, ಬರೆಯದಿದ್ದರೆ ಅನ್ಯಾಯ. ಆದರೆ ಅವರ ಸುತ್ತಲಿನವರು ದಿನಾ ಅವಳಿಗೆ ನೆನಪು ಮಾಡುತ್ತಿದ್ದರು, ಬಿಡಿಸಬಹುದು ಎಂದು.

ವರ್ಷಗಳು ಕಳೆದ ಮೇಲೆ ಅಥಣಿಯ ಕೋರ್ಟಿನಲ್ಲಿ ಸಾಕ್ಷಿ ಶುರುವಾಯಿತು. ಭರಮಾನ ಜೊತೆಗಾರ, ತನಗೆ ಏನೂ ಕಾಣಲಿಲ್ಲ ಎಂದ. ಊರಿನವರು ಬಾವಿಯ ಮೋಟಾರು ನಡೆಯುತ್ತಲೇ ಇರಲಿಲ್ಲ ಎಂದರು. ನನ್ನ ಸರದಿ ಬಂದಾಗ ಅಪ್ಪಾಸಾಹೇಬರ ವಕೀಲರು, "ನಿಮ್ಮ ಸ್ವಂತ ಊರು ಯಾವುದು?" ಎಂದು ಕೇಳಿದರು. ಹೇಳಿದೆ. "ಇಷ್ಟು ದೂರದಿಂದ ಬಂದವರಿಗೆ ಮನೆ ಕೊಟ್ಟರು. ಮನೆ ಬಿಡಿಸಿದ ಸಿಟ್ಟಿಗೆ ಅವರ ಹೆಸರು ಬರೆದಿರಿ. ಹೌದೋ ಅಲ್ಲವೋ?" ಎಂದರು. ಮನೆ ಬಿಟ್ಟದ್ದು ಹೆಸರು ಬರೆದ ಮೇಲೆ ಎಂದು ಹೇಳುವಷ್ಟರಲ್ಲಿ ಅವರು ಮುಂದಿನ ಪ್ರಶ್ನೆಗೆ ಹೋಗಿದ್ದರು. ಆದರೂ ನಾನು ಕಂಡದ್ದನ್ನೆಲ್ಲ ಹೇಳಿಯೇ ಇಳಿದೆ.

ಕೊನೆಗೆ ಶಾಂತವ್ವನನ್ನು ಕರೆದರು. ತಲೆಯ ಮೇಲೆ ಸೆರಗು ಹೊದ್ದು ಕಟಕಟೆಯಲ್ಲಿ ನಿಂತಳು. ಕೂದಲು ನರೆತಿತ್ತು. ಅದೇ ವಕೀಲರು ಮೆತ್ತಗೆ ಕೇಳಿದರು, "ನಿನ್ನ ಗಂಡ ಕುಡಿಯುತ್ತಿದ್ದನೇನಮ್ಮ?"

ನಾನು ಗೋಡೆಗೆ ಒರಗಿ ನಿಂತಿದ್ದೆ. ಇದೊಂದು ಪ್ರಶ್ನೆಗೆ ಉತ್ತರ ಸರಿಯಾಗಿ ಬರುತ್ತದೆ ಎಂದು ನನಗೆ ಧೈರ್ಯವಿತ್ತು. ಉಳಿದದ್ದೆಲ್ಲ ಬಿದ್ದು ಹೋದರೂ ಭರಮಾನ ಹೆಸರು ಉಳಿಯುತ್ತದೆ ಎಂದುಕೊಂಡಿದ್ದೆ.

"ಹೂಂ ರೀ" ಎಂದಳು.

"ಆ ದಿನ?"

"ಕುಡದಿದ್ದರ್ರಿ. ಕುಡದ ಹೋಗಿದ್ರು."

ಅಪ್ಪಾಸಾಹೇಬರು ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. ನನಗೆ ಅಳು ಬಂತು. ಕೋರ್ಟಿನ ಜವಾನ ಹೊರಗೆ ಹೋಗಿ ಎಂದು ಸನ್ನೆ ಮಾಡಿದ. ಕೇಸು ಅಲ್ಲಿಗೆ ಮುಗಿದಂತೆಯೇ, ಆಮೇಲೆ ಅಪ್ಪಾಸಾಹೇಬರು ಬಿಡುಗಡೆಯಾದರು.

ಬಸ್ ನಿಲ್ದಾಣದಲ್ಲಿ ಶಾಂತವ್ವ ಒಬ್ಬಳೇ ಕಂಬದ ಮರೆಯಲ್ಲಿ ನಿಂತಿದ್ದಳು. ನನ್ನನ್ನು ನೋಡಿ ಅತ್ತಿತ್ತ ನೋಡಿದಳು. ಆಮೇಲೆ ತಾನೇ ಹತ್ತಿರ ಬಂದಳು.

"ಸಿಟ್ಟಾದ್ರೇನ್ರಿ ಸಾಹೇಬ್ರ?"

"ಭರಮಾ ಏನು ಅಂದುಕೊಂಡಾನು ಶಾಂತವ್ವ?" ಎಂದುಬಿಟ್ಟೆ.

"ಅವರು ಏನೂ ಅನ್ನಂಗಿಲ್ರಿ" ಎಂದಳು. "ಸತ್ತಾವ್ರು ಯಾರ್ನೂ ಮನಿ ಬಿಡಸಂಗಿಲ್ಲ. ಬದುಕಿದಾವ್ರು ಬಿಡಸ್ತಾರ. ನೀವು ಖರೇ ಬರದ್ರಿ, ನಿಮಗ ಬ್ಯಾರೇ ಊರು ಸಿಕ್ಕಿತು. ನನಗ ಇರೂದು ಒಂದ ಊರ್ರಿ."

ಕಾಗವಾಡದ ಬಸ್ಸು ಬಂದು ನಿಂತಿತು. ಕಾಗವಾಡದಲ್ಲಿ ನನಗೊಂದು ಕೆಲಸವಿತ್ತು, ನಾನೂ ಅದೇ ಬಸ್ಸಿಗೆ ಹೋಗಬೇಕಿತ್ತು. ಚೀಲ ಎತ್ತಿಕೊಂಡೆ. ಶಾಂತವ್ವ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ತಿರುಗಿ, ಯಾರಿಗೂ ಕೇಳದ ಹಾಗೆ ಹೇಳಿದಳು.

"ನೀವು ಇದನ್ನ ಹತ್ತಬ್ಯಾಡ್ರಿ ಸಾಹೇಬ್ರ. ಒಳಗ ನಮ್ಮೂರ ಮಂದಿ ಅದಾರ."

ನಾನು ಚೀಲವನ್ನು ಮತ್ತೆ ಕೆಳಗಿಟ್ಟು ಮುಂದಿನ ಬಸ್ಸಿಗೆ ಕಾಯುತ್ತ ಕುಳಿತೆ.